ಸೇನಾಪತಿ ಸಾಯುವ ಸಂಪುಟ

ಅವನು ಮೊದಲ ಸಲ ಬಂದಾಗ ಯೊಂಬುನ್ ಬಾಗಿಲಿನ ಕಾಗದದಾಚೆ ಅವನ ನೆರಳನ್ನಷ್ಟೇ ಕಂಡಳು. ಅಗಲವಾದ ಟೋಪಿ, ಸ್ವಲ್ಪ ಬಾಗಿದ ಹೆಗಲು. ಯಾವ ಪುಸ್ತಕ ಬಾಡಿಗೆಗೆ ಬೇಕೆಂದು ಅವಳು ಒಳಗಿನಿಂದಲೇ ಕೇಳಿದಳು. ಪುಸ್ತಕ ಬೇಡ, ಯಾರಾದರೂ ಓದಿ ಹೇಳಿದರೆ ಸಾಕು ಎಂದಿತು ನೆರಳು.

"ನಾನು ಬೀದೀಲಿ ಕಥೆ ಓದೋನು, ಅಕ್ಕಾವ್ರೇ. ಆದ್ರೆ ನಂಗೆ ಅಕ್ಷರ ಬರಲ್ಲ."

ಮೂಲೆಯಲ್ಲಿ ಮೊಳಕೆಕಾಳಿನ ಬಾಲ ಕೀಳುತ್ತಿದ್ದ ಅತ್ತೆ ತಲೆಯೆತ್ತಿದಳು. "ಕಥೆ ಓದೋನಿಗೆ ಅಕ್ಷರ ಬರಲ್ವಂತೆ. ನಾಳೆ ಕಮ್ಮಾರ ಬಂದು ಬೆಂಕಿ ಕಂಡ್ರೆ ಭಯ ಅಂತಾನೆ, ಅವನ್ನೂ ಕೂರಿಸ್ಕೋ."

ಹಾಗೆಂದರೂ ಅತ್ತೆ ಬೇಡವೆನ್ನಲಿಲ್ಲ. ಅವಳಿಗೂ ಕಥೆಯ ಹುಚ್ಚಿತ್ತು. ಆ ವರ್ಷ ರಾಜಧಾನಿ ಹನ್ಯಾಂಗ್ ನಗರದಲ್ಲಿ ಆ ಹುಚ್ಚು ಯಾರಿಗಿರಲಿಲ್ಲ? ಗಾಂಗ್ ಸೇನಾಪತಿಯ ಕಥೆ ಸಂಪುಟದ ಮೇಲೆ ಸಂಪುಟವಾಗಿ ಮನೆಮನೆಗೆ ಹೋಗಿ ಬರುತ್ತಿತ್ತು. ಎಂದೋ ಅಳಿದ ರಾಜವಂಶದ ಕಾಲದವನು ಆ ಸೇನಾಪತಿ. ಆದರೆ ಹೆಂಗಸರು ಅವನಿಗೆ ಗಾಯವಾದ ದಿನ ಊಟ ಬಿಟ್ಟರು. ಹೊರೆ ಹೊರುವವರು ಅವನ ಹೆಸರು ಹೇಳಿ ಹೊರೆ ಎತ್ತಿದರು. ಕಥೆಯಲ್ಲಿ ಅವನಿಗೆ ಕೇಡು ಬಗೆಯುವ ಮಂತ್ರಿಯ ಮನೆತನ ದೋ. ಅದೇ ಮನೆತನದ ಬಡ ಮೀನುಗಾರನೊಬ್ಬ ಸಂತೆಯಲ್ಲಿ ವ್ಯಾಪಾರವಿಲ್ಲದೆ, ತನಗೂ ಆ ಮಂತ್ರಿಗೂ ಯಾವ ನಂಟೂ ಇಲ್ಲವೆಂದು ಕೂಗಿ ಕೂಗಿ ಮೀನು ಮಾರಬೇಕಾಯಿತು.

ಪುಸ್ತಕಗಳನ್ನು ನಕಲು ಮಾಡಿ ಬಾಡಿಗೆಗೆ ಕೊಡುವುದು ಅತ್ತೆ ಸೊಸೆಯರ ಜೀವನ. ಬರೆಯುವವಳು ಯೊಂಬುನ್, ಒತ್ತೆಗೆಂದು ಜನ ತಂದ ಬಟ್ಟಲು, ಜಡೆಕಡ್ಡಿ ಎತ್ತಿಡುವವಳು ಅತ್ತೆ. ಮನೆಯ ಗಂಡಸು ಉತ್ತರದ ಗಡಿಗೆ ಸಿಪಾಯಿಯಾಗಿ ಹೋದವನು ಹಿಮದಲ್ಲಿ ಜ್ವರ ಬಂದು ತೀರಿಕೊಂಡನೆಂದು ಸುದ್ದಿ ಬಂದು ವರ್ಷಗಳಾಗಿದ್ದವು. ಸುದ್ದಿ ಬಂತು, ದೇಹ ಬರಲಿಲ್ಲ. ಯೊಂಬುನ್ ಬಿಳಿ ಬಟ್ಟೆ ಉಟ್ಟಳು. ಅತ್ತೆ ಮಾತ್ರ ನಂಬಲಿಲ್ಲ. ಪ್ರತಿ ಸಂಜೆ ಮಗನ ಕಂಚಿನ ಬಟ್ಟಲಿಗೆ ಅನ್ನ ಬಡಿಸಿ, ಮುಚ್ಚಳವಿಟ್ಟು, ಒಲೆಯ ಕಾವು ಹಾಯುವ ನೆಲದ ಬೆಚ್ಚನೆ ಮೂಲೆಯಲ್ಲಿ ಕೌದಿ ಹೊದಿಸಿ ಇಡುತ್ತಿದ್ದಳು. ದಾರಿ ನಡೆದು ಬಂದವನಿಗೆ ಬಿಸಿ ಇರಲಿ ಎಂದು. ಬೆಳಿಗ್ಗೆ ಆ ತಣ್ಣನೆ ಅನ್ನಕ್ಕೆ ನೀರು ಹಾಕಿ ಇಬ್ಬರೂ ತಿನ್ನುತ್ತಿದ್ದರು. ಅದರ ಬಗ್ಗೆ ಸೊಸೆ ಒಂದು ಮಾತೂ ಆಡಿದವಳಲ್ಲ. ಅತ್ತೆಯ ಆ ಒಂದು ಆಸೆಯನ್ನು ಮುರಿದು ತಾನು ಪಡೆಯುವುದೇನಿದೆ ಎಂದುಕೊಂಡಿದ್ದಳು.

ಅವನ ಹೆಸರು ಚಿಲ್ಸೊಂಗ್, ಏಳು ನಕ್ಷತ್ರ ಎಂದರ್ಥ. ಅವನ ತಾಯಿ ಉತ್ತರದ ಏಳು ನಕ್ಷತ್ರಗಳಿಗೆ ಬೇಡಿಕೊಂಡು ಹೆತ್ತ ಮಗನಂತೆ. ದಿನವೂ ಮಧ್ಯಾಹ್ನ ಬಂದು ಜಗಲಿಯ ಮೇಲೆ ಕುಳಿತುಕೊಳ್ಳುತ್ತಿದ್ದ. ಒಳಗೆ ಯೊಂಬುನ್ ಓದುತ್ತಿದ್ದಳು. ನಡುವೆ ಕಾಗದದ ಬಾಗಿಲು.

ಮೊದಮೊದಲು ಬಾಗಿಲು ಪೂರ್ತಿ ಮುಚ್ಚಿರುತ್ತಿತ್ತು. ಆಮೇಲೆ ಬೆಳಕು ಸಾಲದೆಂದು ಒಂದು ಬೆರಳಿನಷ್ಟು ಸರಿಯಿತು. ಆ ಸಂದಿಯಲ್ಲಿ ಅವಳಿಗೆ ಕಾಣುತ್ತಿದ್ದುದು ಅವನ ಮಂಡಿ, ಮಂಡಿಯ ಮೇಲಿನ ಕೈ. ಅವಳು ವಾಕ್ಯ ಮುಗಿಸಿದಾಗಲೆಲ್ಲ ಅವನ ತೋರುಬೆರಳು ಮೆಲ್ಲಗೆ ಒಮ್ಮೆ ಏಳುತ್ತಿತ್ತು. ಅವಳು ಬೇಕೆಂದೇ ವಾಕ್ಯದ ನಡುವೆ ತಡೆದರೆ ಬೆರಳೂ ಗಾಳಿಯಲ್ಲೇ ನಿಂತು ಕಾಯುತ್ತಿತ್ತು. ಅದನ್ನು ನೋಡಿ ಅವಳಿಗೆ ನಗು ಬರುತ್ತಿತ್ತು. ನಕ್ಕಳೆಂದು ಅವನಿಗೆ ಹೇಗೋ ತಿಳಿಯುತ್ತಿತ್ತು. ಕಿವಿಯ ತುದಿ ಕೆಂಪಾಗುತ್ತಿತ್ತು.

ಒಂದು ದಿನ ಗಿರಾಕಿಗಳು ಹಿಂದಿರುಗಿಸಿದ ಪುಸ್ತಕವೊಂದು ಜಗಲಿಯ ಮೇಲೆ ತೆರೆದುಕೊಂಡು ಬಿದ್ದಿತ್ತು. ಪುಟದ ಅಂಚಿನಲ್ಲಿ ಯಾರೋ ಗೀಚಿದ್ದರು: ನಕಲು ಮಾಡಿದವಳ ಬರಹ ಕೋಳಿ ಕೆದರಿದ ಹಾಗಿದೆ, ಬಾಡಿಗೆ ಮಾತ್ರ ರಾಣಿಯ ಕೈಬರಹದ್ದು. ಚಿಲ್ಸೊಂಗ್ ಇದ್ದಕ್ಕಿದ್ದಂತೆ ಫಕ್ಕನೆ ನಕ್ಕ. ಏನಾಯಿತೆಂದು ಯೊಂಬುನ್ ಕೇಳಿದಳು. ಸೂರಿನಿಂದ ಗುಬ್ಬಿಯೊಂದು ಜಾರಿ ಬಿತ್ತು ಎಂದ. ಅತ್ತೆ ಹೊರಗೆ ಇಣುಕಿ ಸೂರನ್ನೂ ಅಂಗಳವನ್ನೂ ನೋಡಿ ಸುಮ್ಮನೆ ಒಳಗೆ ಬಂದಳು.

ಅಕ್ಷರ ಕಲಿಸಲೇ ಎಂದು ಒಮ್ಮೆ ಯೊಂಬುನ್ ಕೇಳಿದಳು. ಕಲಿತುಬಿಟ್ಟರೆ ಇಲ್ಲಿಗೆ ಬರುವ ಕೆಲಸವಿರುವುದಿಲ್ಲವಲ್ಲ ಎಂದು ಅವನು ಟೋಪಿಯ ದಾರ ಸರಿಮಾಡಿಕೊಂಡ. ಆ ದಿನ ಅವಳು ಒಂದೇ ಸಾಲನ್ನು ಎರಡು ಸಲ ಓದಿದಳು. ಬೆರಳೂ ಎರಡು ಸಲ ಎದ್ದಿತು.

ಒಮ್ಮೆ ಶಾಯಿ ತರುವ ನೆಪದಲ್ಲಿ, ತಲೆಯ ಮೇಲೆ ನಿಲುವಂಗಿ ಹೊದ್ದು, ಅವಳು ಗಂಟೆ ಬೀದಿಗೆ ಹೋದಳು. ಹೊಗೆಸೊಪ್ಪಿನ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ನಡುವೆ ಚಿಲ್ಸೊಂಗ್ ನಿಂತು ಕಥೆ ಹೇಳುತ್ತಿದ್ದ. ಯೊಂಬುನ್ ಕೇಳಿ ಬೆಚ್ಚಿದಳು. ಗಂಡು ದನಿ ಅವನದು. ಆದರೆ ಉಸಿರು ತನ್ನದು. ತಾನು ಎಲ್ಲಿ ತಡೆದಿದ್ದಳೋ ಅಲ್ಲಿ ತಡೆಯುತ್ತಿದ್ದ. ಎಲ್ಲಿ ತನ್ನ ದನಿ ತಗ್ಗಿತ್ತೋ ಅಲ್ಲಿ ತಗ್ಗಿಸುತ್ತಿದ್ದ. ತನ್ನ ಕೋಣೆಯೊಳಗಿನ ಉಸಿರು ನಡುಬೀದಿಯಲ್ಲಿ ಸಾವಿರ ಕಿವಿಗೆ ಬೀಳುತ್ತಿದೆ ಅನ್ನಿಸಿ ನಾಚಿಕೆಯಾಯಿತು. ಮನೆಗೆ ಬಂದಾಗ ಶಾಯಿ ಮರೆತಿದ್ದಳು.

ಆ ದಿನವೇ ಅವಳು ದೊಲ್ಸೆಯನ್ನೂ ನೋಡಿದ್ದು. ಅಂಗಡಿಯಲ್ಲಿ ಹೊಗೆಸೊಪ್ಪು ಹೆಚ್ಚುವ ಆಳು, ಎತ್ತಿನಂಥ ಮೈ. ಮಂತ್ರಿ ದೋನ ಹೆಸರು ಬಂದಾಗಲೆಲ್ಲ ಅವನ ಕತ್ತಿ ಹಲಗೆಯ ಮೇಲೆ ಜೋರಾಗಿ ಬೀಳುತ್ತಿತ್ತು. ಸೇನಾಪತಿ ಗೆದ್ದಾಗ ಮಗುವಿನಂತೆ ಅಳುತ್ತಿದ್ದ.

ಶಿಶಿರದ ಹೊತ್ತಿಗೆ ಕೊನೆಯ ಸಂಪುಟ ನಕಲಿಗೆ ಬಂತು. ಬರೆಯುತ್ತಿದ್ದ ಯೊಂಬುನ್ ಕುಂಚವನ್ನು ಕೆಳಗಿಟ್ಟಳು. ಗಾಂಗ್ ಸೇನಾಪತಿ ಗೆಲ್ಲುವುದಿಲ್ಲ. ಮಂತ್ರಿಯ ಚಾಡಿ ಕೇಳಿ ರಾಜ ಅವನನ್ನು ಸೆರೆಗೆ ಹಾಕುತ್ತಾನೆ, ವಿಷದ ಬಟ್ಟಲು ಕಳಿಸುತ್ತಾನೆ, ಸೇನಾಪತಿ ಕುಡಿಯುತ್ತಾನೆ.

ಹಿಂದಿನ ವರ್ಷ ಇನ್ನೊಂದು ಸಂತೆಯಲ್ಲಿ ನಡೆದದ್ದು ಊರಿಗೆಲ್ಲ ತಿಳಿದಿತ್ತು. ಬೇರೆ ಯಾವುದೋ ಕಥೆಯ ವೀರ ಸೋತನೆಂದು ಕೇಳಿದವನೊಬ್ಬ ರೋಷದಿಂದ ಕತ್ತಿ ಎತ್ತಿ ಓದುವವನನ್ನೇ ಇರಿದುಬಿಟ್ಟಿದ್ದ. ಇರಿದವನಿಗೆ ಎಚ್ಚರ ಬಂದಾಗ, ತಾನು ಇರಿದದ್ದು ಕಥೆಯಲ್ಲಿನ ವೈರಿಯನ್ನು ಎಂದನಂತೆ. ಅದು ಕೂಡ ಹೊಗೆಸೊಪ್ಪಿನ ಕತ್ತಿ.

ಯೊಂಬುನ್ ನೆಪ ಹುಡುಕಿದಳು. ಶಾಯಿ ಒಣಗಿಲ್ಲ ಎಂದಳು. ಕಾಗದ ಬಂದಿಲ್ಲ ಎಂದಳು. ಅವನು ಸರಿ ಅಕ್ಕಾವ್ರೇ ಎಂದು ಸುಮ್ಮನೆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದ. ಬೀದಿಯವರು ಸುಮ್ಮನಿರಲಿಲ್ಲ. ನಾಳೆ ಸೇನಾಪತಿಯನ್ನು ಕರೆತರದಿದ್ದರೆ ತಾನೇ ಮನೆಗೆ ಬಂದು ಕೇಳುವೆನೆಂದು ದೊಲ್ಸೆ ಹೇಳಿದನಂತೆ. ಅದನ್ನು ಚಿಲ್ಸೊಂಗ್ ನಗುತ್ತಲೇ ಹೇಳಿದ. ಅವಳಿಗೆ ನಗು ಬರಲಿಲ್ಲ.

ನಸುಕಿನಲ್ಲಿ ಹಿತ್ತಲಿನ ಜಾಡಿಗಳ ಕಟ್ಟೆಯ ಮೇಲೆ ಹೊಸ ನೀರಿನ ಬಟ್ಟಲಿಟ್ಟು ಅವಳು ಉತ್ತರಕ್ಕೆ ಕೈಮುಗಿಯುತ್ತಿದ್ದಳು. ಗಂಡನ ಆತ್ಮಕ್ಕೆ ಶಾಂತಿ ಬೇಡುವುದು ಅವಳ ಎಂದಿನ ಪ್ರಾರ್ಥನೆ. ಈಗ ಅದಾದ ಮೇಲೆ ಏಳು ನಕ್ಷತ್ರಗಳನ್ನು ಕರೆಯುತ್ತಿದ್ದಳು. ಹಾಗೆ ಕರೆದರೆ ಅವನ ಹೆಸರನ್ನೂ ಕರೆದಂತಾಗುತ್ತಿತ್ತು, ಕೇಳಿದವರಿಗೆ ಬರೀ ಪ್ರಾರ್ಥನೆ. ಒಬ್ಬನನ್ನು ಕೊಟ್ಟಿದ್ದೇನೆ, ಇವನನ್ನು ಕೇಳಬೇಡ ತಂದೆ ಎಂದು ಬೇಡಿಕೊಂಡಳು. ನೀರಿನಲ್ಲಿ ಅವಳ ಮುಖ ನಡುಗುತ್ತಿತ್ತು.

ಮಧ್ಯಾಹ್ನ ಅವನು ಬಂದಾಗ ಸಂಪುಟವನ್ನು ತೊಡೆಯ ಮೇಲಿಟ್ಟುಕೊಂಡು ಸುಳ್ಳು ಓದಿದಳು. ಕಾವಲುಗಾರ ಬೀಗ ತೆರೆದ, ಸೇನಾಪತಿ ಮಂಜಿನಲ್ಲಿ ಕುದುರೆಯೇರಿ ಬೆಟ್ಟ ದಾಟಿದ, ಅವನು ಈಗಲೂ ಅಲ್ಲೆಲ್ಲೋ ಇದ್ದಾನೆ. ಕಣ್ಣು ಪುಟದ ಮೇಲಿತ್ತು, ಪುಟದಲ್ಲಿ ವಿಷದ ಬಟ್ಟಲಿತ್ತು. ಬಾಗಿಲಿನ ಸಂದಿಯಲ್ಲಿ ನೋಡಿದಳು. ಆ ದಿನ ಬೆರಳು ಒಮ್ಮೆಯೂ ಏಳಲಿಲ್ಲ.

ಓದಿ ಮುಗಿಸಿದಾಗ ಅವನು ಟೋಪಿಯ ದಾರ ಬಿಗಿದುಕೊಂಡ. ಆಮೇಲೆ, "ಚೆನ್ನಾಗಿ ಬದುಕಿಸಿದ್ದೀರಿ," ಎಂದು ಎದ್ದು ಹೋದ. ಬದುಕಿದ ಎನ್ನದೆ ಬದುಕಿಸಿದ್ದೀರಿ ಎಂದನೇಕೆ ಎಂಬುದು ಅವಳಿಗೆ ಅವನು ಬೀದಿಯ ತಿರುವು ದಾಟಿದ ಮೇಲೆ ಹೊಳೆಯಿತು.

ಮರುದಿನ ಅವಳಿಂದ ಮನೆಯಲ್ಲಿ ಕೂರಲಾಗಲಿಲ್ಲ. ನಿಲುವಂಗಿ ಹೊದ್ದು ಹೊರಟಳು. ಶಾಯಿ ತರುವುದಕ್ಕೆ ಎಂದಳು. "ಈ ಸಲ ಮರೀಬೇಡ," ಎಂದಳು ಅತ್ತೆ.

ಗಂಟೆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಲ್ಸೊಂಗ್ ಆಗಲೇ ಸೆರೆಮನೆಯ ಭಾಗಕ್ಕೆ ಬಂದಿದ್ದ. ಕಾವಲುಗಾರ ಬಂದ, ಬೀಗ ತೆರೆದ. ಯೊಂಬುನ್ ಉಸಿರು ಬಿಟ್ಟಳು.

ಕಾವಲುಗಾರನ ಕೈಯಲ್ಲಿ ತಟ್ಟೆಯಿತ್ತು, ತಟ್ಟೆಯ ಮೇಲೆ ಬಿಳಿ ಬಟ್ಟಲಿತ್ತು ಎಂದು ಚಿಲ್ಸೊಂಗ್ ಹೇಳಿದ.

ಅದು ಪುಸ್ತಕದ ಮಾತು. ಅಕ್ಷರಕ್ಕೆ ಅಕ್ಷರ ಅವಳೇ ನಕಲು ಮಾಡಿದ ಮಾತು. ಅವನಿಗೆ ಅವಳು ಎಂದೂ ಓದಿ ಹೇಳದ ಮಾತು. ಇವನಿಗೆ ಓದಲು ಬರುತ್ತದೆ. ಮೊದಲಿನಿಂದಲೂ ಬರುತ್ತಿತ್ತು.

ಅವನು ನಿಲ್ಲಿಸಲಿಲ್ಲ. ರಾಜನ ಅಪ್ಪಣೆ ಓದಿದ್ದಾಯಿತು. ಸೇನಾಪತಿ ಬಟ್ಟಲು ಎತ್ತಿದ. ಸೆರೆಮನೆಯ ಬಾಗಿಲಲ್ಲಿ ಅವನ ಸಿಪಾಯಿಗಳು ಕತ್ತಿ ಹಿರಿದು ಬಂದು ನಿಂತರು. ಸೇನಾಪತಿ ಅವರ ಕಡೆ ತಿರುಗಿದ.

ಅಲ್ಲಿಗೆ ಚಿಲ್ಸೊಂಗ್ ಸುಮ್ಮನಾದ.

ಅದು ಬೀದಿ ಓದುವವರ ಪದ್ಧತಿ. ಜನ ತುದಿಗಾಲಲ್ಲಿ ನಿಂತಾಗ ಬಾಯಿ ಮುಚ್ಚಬೇಕು. ಕಾಸು ಬಿದ್ದ ಮೇಲೆ ಮುಂದಿನ ಮಾತು. ಆದರೆ ಆ ದಿನ ಒಂದು ಕಾಸೂ ಬೀಳಲಿಲ್ಲ. ಹಲಗೆಯ ಮೇಲಿನ ಕತ್ತಿಯ ಸದ್ದೂ ನಿಂತಿತು. ದೊಲ್ಸೆ ಎದ್ದು ನಿಂತಿದ್ದ. ಕತ್ತಿ ಕೈಯಲ್ಲೇ ಇತ್ತು. ಅವನ ಕಣ್ಣು ಬೀದಿಯನ್ನು ನೋಡುತ್ತಿರಲಿಲ್ಲ.

"ಕುಡಿಸ್ಬೇಡ ಅವರಿಗೆ," ಎಂದ ದೊಲ್ಸೆ, ಮೆಲ್ಲಗೆ.

ಜನ ತಾವಾಗಿಯೇ ದಾರಿ ಬಿಟ್ಟರು. ಚಿಲ್ಸೊಂಗ್‌ನ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ದೊಲ್ಸೆ ಹೆಜ್ಜೆ ಇಟ್ಟ.

ಮುಂದಿನ ಸಾಲು ಯೊಂಬುನ್‌ಗೆ ಗೊತ್ತಿತ್ತು. ವಿಧವೆ ಹೆಂಗಸು ನಡುಬೀದಿಯಲ್ಲಿ ಬಾಯಿ ತೆರೆದರೆ ಏನೆನ್ನುತ್ತಾರೆ ಎಂಬುದೂ ಗೊತ್ತಿತ್ತು. ತಲೆಯ ಮೇಲಿನ ನಿಲುವಂಗಿ ಎಲ್ಲಿ ಜಾರಿತೋ ತಿಳಿಯಲಿಲ್ಲ. ಅವಳು ಇಬ್ಬರ ನಡುವೆ ಬಂದು ನಿಂತು, ತನ್ನ ಕೋಣೆಯಲ್ಲಿ ಓದುವ ದನಿಯಲ್ಲೇ ಹೇಳಿದಳು:

"ಸೇನಾಪತಿ ತನ್ನ ಸಿಪಾಯಿಗಳಿಗೆ ಹೇಳಿದ. ಕತ್ತಿ ಕೆಳಗಿಡಿ, ಮಕ್ಕಳೇ. ನನಗಾಗಿ ಒಬ್ಬನ ರಕ್ತವೂ ಬೀಳಕೂಡದು. ಇದು ನನ್ನ ಕೊನೆಯ ಆಜ್ಞೆ."

ಆ ದನಿಯ ಏರಿಳಿತ, ಆ ತಡೆಗಳು ಅಲ್ಲಿನವರಿಗೆಲ್ಲ ಪರಿಚಿತವಾಗಿದ್ದವು. ದೊಲ್ಸೆ ಅವಳನ್ನೇ ನೋಡಿದ. ಆಮೇಲೆ ತನ್ನ ಕೈಯನ್ನು ನೋಡಿಕೊಂಡ. ಸೇನಾಪತಿಯ ಮಾತನ್ನು ಅವನು ಎಂದಾದರೂ ಮೀರಿದವನೇ? ಮೊಣಕಾಲೂರಿ, ಕತ್ತಿಯನ್ನು ಎರಡೂ ಕೈಯಿಂದ ನೆಲದ ಮೇಲಿಟ್ಟ. ಹಣೆ ಮಣ್ಣಿಗೆ ತಾಗಿಸಿ ಅಳತೊಡಗಿದ. ಅವನ ಹಿಂದೆ ಬೀದಿಯೇ ಅತ್ತಿತು.

ಉಳಿದ ಕಥೆಯನ್ನು ಚಿಲ್ಸೊಂಗ್ ಮುಗಿಸಿದ. ಅವಳು ಕೇಳಲು ನಿಲ್ಲಲಿಲ್ಲ.

ಮನೆಗೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಅತ್ತೆ ಸಂಜೆಯ ಅನ್ನ ಬಡಿಸಿಟ್ಟು ಒಲೆಯ ಮುಂದೆ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಕಾಗದದಾಚೆ ಟೋಪಿಯ ನೆರಳು ಬಂತು. ನೆರಳಿನ ಕೈಯಲ್ಲಿ ಅವಳ ನಿಲುವಂಗಿಯಿತ್ತು.

"ನಿಮಗೆ ಅಕ್ಷರ ಬರುತ್ತಾ?" ಯೊಂಬುನ್ ಕೇಳಿದಳು.

"ಬರುತ್ತೆ. ಚಿಕ್ಕಂದಿನಿಂದ."

"ಮತ್ತೆ ಇಲ್ಲಿಗ್ಯಾಕೆ ಬರ್ತಿದ್ರಿ?"

"ಒಂದಿನ ಪುಸ್ತಕ ಕೇಳೋಣ ಅಂತ ಬಂದೆ. ನೀವು ಒಳಗೆ ಅಮ್ಮನಿಗೆ ಓದಿ ಹೇಳ್ತಿದ್ರಿ. ಹೊರಗೆ ನಿಂತು ಕೇಳ್ದೆ. ಅದೇ ಭಾಗ ಆಮೇಲೆ ನಾನೇ ಓದಿ ನೋಡ್ದೆ. ಬರೀ ಅಕ್ಷರ ಇತ್ತು, ಅಕ್ಕಾವ್ರೇ. ಇನ್ನೇನೂ ಇರ್ಲಿಲ್ಲ."

ಅವಳ ಕಣ್ಣು ತುಂಬಿತು. ಜೊತೆಗೆ ಕೋಪವೂ ಬಂತು. ತಾನು ಉಳಿಸಿಕೊಟ್ಟ ದಾರಿ ಬಿಟ್ಟು ಸಾವಿನ ಬಾಯಿಗೆ ಯಾಕೆ ಹೋದಿರಿ ಎಂದು ಕೇಳಿದಳು.

ನೆರಳು ತಲೆ ತಗ್ಗಿಸಿತು. "ಕೊನೇ ಸಂಪುಟ ಬೇರೆ ಅಂಗಡೀಲಿ ಬಾಡಿಗೆಗೆ ತಂದು ಮೊದಲೇ ಓದಿದ್ದೆ. ಆದ್ರೂ ನಿಮ್ಮದನ್ನೇ ಹೇಳೋಣ ಅಂದ್ಕೊಂಡಿದ್ದೆ. ಆದ್ರೆ ಬೆಟ್ಟ ದಾಟಿ ಹೋದ ಅಂದ್ರೆ ಆ ಜನ ನಾಳೆನೂ ಬಂದು ಕಾಯ್ತಾರೆ. ವರ್ಷಗಟ್ಟಲೆ ಕಾಯ್ತಾರೆ. ಬಾರದೋರಿಗೆ ಕಾಯೋದು ಹೆಂಗಿರತ್ತೆ ಅಂತ ನಾನು ಈ ಜಗಲೀಲಿ ಕೂತು ನೋಡಿದೀನಿ."

ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಹಿಂದೆ ತಿರುಗಿ ನೋಡಲು ಯೊಂಬುನ್‌ಗೆ ಧೈರ್ಯವಾಗಲಿಲ್ಲ. ಅತ್ತೆ ಎದ್ದ ಸದ್ದು ಕೇಳಿತು. ಕೌದಿ ಸರಿದ ಸದ್ದು ಕೇಳಿತು.

ಕೊನೆಗೆ ಅತ್ತೆ ಅವಳ ಪಕ್ಕಕ್ಕೆ ಬಂದು ನಿಂತಳು. ಮುಖ ಒದ್ದೆಯಾಗಿತ್ತು. ಎರಡೂ ಕೈಯಲ್ಲಿ ಮಗನ ಕಂಚಿನ ಬಟ್ಟಲಿತ್ತು. ಕಾಲಿನಿಂದಲೇ ಬಾಗಿಲನ್ನು ಪೂರ್ತಿ ಸರಿಸಿದಳು. ಚಿಲ್ಸೊಂಗ್ ಗಡಬಡಿಸಿ ಎದ್ದು ನಿಂತ. ಅವನ ಇಡೀ ಮುಖವನ್ನು ಯೊಂಬುನ್ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವನೂ ಅವಳನ್ನು ನೋಡಿದ, ಕಿವಿಯ ತುದಿ ಕೆಂಪಾಯಿತು.

"ಗುಬ್ಬಿ ಜಾರಿ ಬಿತ್ತಂತೆ," ಎಂದಳು ಅತ್ತೆ. "ಆವತ್ತೇ ಗೊತ್ತಾಯ್ತು ನಂಗೆ, ಕಳ್ಳ."

ಬಟ್ಟಲನ್ನು ಅವನ ಮುಂದಿಟ್ಟು ಮುಚ್ಚಳ ತೆಗೆದಳು. ಅನ್ನದಿಂದ ಹಬೆ ಎದ್ದಿತು.

"ಬಿಸಿ ಇದೆ. ಒಳಗೆ ಬಂದು ಉಣ್ಣು."