ಮೊಣಕಾಲು ನೀರಿನ ಹವಳ

ಬಹಳ ಹಿಂದೆ, ಕಡಲಿನ ಪ್ರಾಣಿಗಳಿಗೆಲ್ಲ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತಿನಕೇರಿ ಎಂಬ ರಾಜ್ಯವಿತ್ತು. ಅಲ್ಲಿನ ಗಂಡಸರೆಲ್ಲ ಕಡಲಲ್ಲಿ ಮುಳುಗುವವರು. ಅವರ ಜಂಬ ಕೇಳಬೇಡಿ! ಹತ್ತು ಮಾರು ಆಳದಿಂದ ತಂದದ್ದು ಮಾತ್ರ ಅವರ ಲೆಕ್ಕಕ್ಕೆ ವಸ್ತು. ಮೊಣಕಾಲು ನೀರಿನದನ್ನು ಹೆಂಗಸರು, ಮುದುಕರು ಆರಿಸಿಕೊಳ್ಳಬೇಕು. ಮುಳುಗುವವನು ಅದನ್ನು ಮುಟ್ಟಿದರೆ ಬಳೆ ತೊಡಿಸಿ ಕೇರಿಯೆಲ್ಲ ಸುತ್ತಿಸುತ್ತಿದ್ದರು.

ಅಲ್ಲಿ ಜಟ್ಟಪ್ಪ ಎಂಬ ಯುವಕನಿದ್ದ. ತಂದೆತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅಕ್ಕ ಮಾಸ್ತಮ್ಮ. ಅವಳನ್ನು ಮದುವೆಯಾಗುತ್ತೇನೆಂದು ಕ್ಷಾರಕನೆಂಬ ಮಾಂತ್ರಿಕ ಬಂದ. ರಾಜನೂ ಅವನಿಗೆ ಹೆದರಿ ನಡುಗುತ್ತಿದ್ದ. ಮಾಸ್ತಮ್ಮ ಮಾತ್ರ, "ಹೋಗಯ್ಯಾ, ನಿನ್ನ ಮುಖ ಕಂಡರೆ ಮೀನೂ ನೀರು ಬಿಟ್ಟು ಓಡೀತು" ಎಂದು ನಕ್ಕುಬಿಟ್ಟಳು. ಮಾಂತ್ರಿಕ ಒಂದು ಹಿಡಿ ಉಪ್ಪು ಮಂತ್ರಿಸಿ ಊದಿದ. ಅವಳು ಬೆರಳುದ್ದದ ಹಳದಿ ಮೀನಾಗಿ, ಗಾಜಿನ ಬಾನಿಯೊಂದರಲ್ಲಿ ಬಿದ್ದಳು. ಬಾನಿ ಅನ್ನದ ಹಂಡೆಗಿಂತ ದೊಡ್ಡದಿರಲಿಲ್ಲ.

"ಈ ಬಾನಿಯಲ್ಲಿ ಬಣ್ಣದ ಹವಳದ ತೋಟ ಎಬ್ಬಿಸು ಜಟ್ಟಪ್ಪಾ" ಎಂದ ಕ್ಷಾರಕ. "ಮೂರು ಸಲ ನೆಡಬಹುದು. ನೆಟ್ಟ ಇಪ್ಪತ್ತೊಂದನೆಯ ದಿನ ಬರ್ತೀನಿ. ಹವಳ ಬದುಕಿದ್ದರೆ ನಿನ್ನಕ್ಕ ನಿನಗೆ ಸಿಕ್ತಾಳೆ, ನಾನು ಕರಗಿ ಹೋಗ್ತೀನಿ. ಸತ್ತಿದ್ದರೆ ಮೊದಲ ಸಲ ಅವಳ ನಗು ಕಿತ್ಕೊಳ್ತೀನಿ, ಎರಡನೇ ಸಲ ಅವಳೊಳಗಿನ ನಿನ್ನ ನೆನಪು ಕಿತ್ಕೊಳ್ತೀನಿ, ಮೂರನೇ ಸಲ ಅವಳ ಜೀವ."

ಜಟ್ಟಪ್ಪ ಇಪ್ಪತ್ತು ಮಾರು ಮುಳುಗಿದ. ಕೆಂಪು ಬೀಸಣಿಗೆಯಂಥ ಹವಳವೊಂದು ನಿಂತಿತ್ತು. ಕಾಯುತ್ತಿದ್ದ ಏಳು ಹೆಡೆಯ ಹಾವುಮೀನು ಹೇಳಿತು: "ಬೇಡ ಕಣಯ್ಯಾ. ಇದು ಓಡುವ ನೀರಿನಲ್ಲಿ ತೇಲಿಬಂದದ್ದನ್ನು ತಿಂದು ಬದುಕುವಂಥದು. ನಿಂತ ನೀರಲ್ಲಿ ಹಸಿದು ಸಾಯ್ತದೆ."

ಕೇಳಿದನೇ? ಇಲ್ಲ. ಇಂಥ ಹವಳ ಯಾರ ಕೈಗೂ ಸಿಕ್ಕಿಲ್ಲ ಎಂದು ಬೀಗುತ್ತ ತಂದ. ಊರವರು ಹೊತ್ತು ಮೆರೆಸಿದರು. ಹತ್ತೇ ದಿನಕ್ಕೆ ಹವಳ ಲೋಳೆಯಾಗಿ ಉದುರಿತು. ಬಾನಿಯೊಳಗಿಂದ ದಿನವೂ ಕೇಳಿಬರುತ್ತಿದ್ದ ಅಕ್ಕನ ನಗು ಇಪ್ಪತ್ತೊಂದನೆಯ ದಿನ ನಿಂತುಹೋಯಿತು.

ಎರಡನೆಯ ಸಲ ಮುನ್ನೂರು ಮಾರು ದೂರದ ಕಡಲ ದಿಬ್ಬಕ್ಕೆ ಈಜಿ, ಹನ್ನೆರಡು ಮಾರು ಮುಳುಗಿದ. ಅಲ್ಲಿ ಜಿಂಕೆಯ ಕೊಂಬಿನಂಥ ನೇರಳೆ ಹವಳ. ಕಾಯುತ್ತಿದ್ದ ಬಂಡೆಗಾತ್ರದ ಏಡಿ ಹೇಳಿತು: "ಇದರ ಮೈಯೊಳಗೆ ಕಲ್ಲಿದೆ ಮಗನೇ. ಬುಡದ ತನಕ ಇಳಿಯುವ ಬಿಸಿಲು ಬೇಕು, ನೀರಿನ ಸೆಳೆತ ಬೇಕು, ಒಂದಿಷ್ಟೂ ಕೆಡದ ನೀರು ಬೇಕು. ನಿನ್ನ ಬಾನಿ ನೀರು ನಾಲ್ಕು ದಿನಕ್ಕೆ ಕೆಡ್ತದೆ."

"ದಿನಾ ಕಾಯ್ತೀನಿ ಬಿಡು" ಎಂದು ಅವನು ಕಿತ್ತು ತಂದ. ಕಾದ, ಪಾಪ, ಕಣ್ಣು ಮುಚ್ಚದೆ ಕಾದ. ಹವಳ ಬುಡದಿಂದ ಬೆಳ್ಳಗಾಗುತ್ತ ಹೋಯಿತು. ಇಪ್ಪತ್ತನೆಯ ದಿನ ಮೀನು, "ತಮ್ಮಾ, ನೀನು ಉಂಡೆಯೇನೋ?" ಎಂದಿತು. ಇಪ್ಪತ್ತೊಂದನೆಯ ದಿನ, ಕ್ಷಾರಕ ಬಂದು ಹೋದ ಮೇಲೆ, ತಮ್ಮನ ಮುಖ ಕಂಡು ಹೆದರಿ ಮೂಲೆಗೆ ಸೇರಿತು.

ಜಟ್ಟಪ್ಪ ಎದ್ದು ಹೋಗಿ ದಡದ ಕಲ್ಲುಗಳ ನಡುವಿನ ಮೊಣಕಾಲು ನೀರಿನಲ್ಲಿ, ಮೀನು ತೊಳೆದ ನೀರು ಬಂದು ಸೇರುವಲ್ಲಿ, ಕುಸಿದು ಕೂತ. ಇನ್ನು ಯಾವ ಆಳಕ್ಕೆ ಹೋದರೂ ತಾನು ಅಕ್ಕನನ್ನು ಕೊಲ್ಲುವವನೇ ಎಂದು ಎದೆ ಬಡಿದುಕೊಂಡ. ಚಿಪ್ಪು ಆರಿಸುತ್ತಿದ್ದ ಗುತ್ತೆಜ್ಜಿ ಎಂಬ ಮುದುಕಿ ಬಂದು ಬೈದಳು.

"ಅಳೋಕೆ ಬೇರೆ ಜಾಗ ಸಿಗ್ಲಿಲ್ವೇನೋ? ಕಾಲು ತೆಗಿ, ಹವಳ ತುಳೀತಿದ್ದೀಯ!"

ಕಾಲ ಕೆಳಗೆ ಅಣಬೆಯ ಹಾಗೆ ಚಪ್ಪಟೆಯಾಗಿ ನೀಲಿ ಹವಳ. ಪಕ್ಕದಲ್ಲಿ ಸಣ್ಣ ಹಸಿರು ಹೂಗಳ ಹಾಸಿನಂಥ ಹವಳ. ಆಚೆಗೆ ಕೊಡೆಯಂತೆ ಅರಳಿದ, ತೊಗಲಿನಂಥ ಹಳದಿ ಹವಳ. ಯಾವುದರ ಮೈಯಲ್ಲೂ ಕಲ್ಲಿಲ್ಲ, ಎಲ್ಲವೂ ಮೆತ್ತಗೆ.

"ಇವು ಇಲ್ಲಿ ಬದುಕ್ತಾವಾ ಅಜ್ಜೀ?"

"ಕಾಣೋದಿಲ್ವಾ? ಅರೆ ನೆರಳು, ರಾಡಿ ನೀರು, ಆದರೂ ಹೇಗಿವೆ ನೋಡು. ಸಣ್ಣ ಬಾನಿಗೆ ಇಂಥವೇ ಸರಿ. ಮೂರು ಸಾಕು. ಒಂದಕ್ಕೊಂದು ತಾಗಿಸಬೇಡ, ಹತ್ತಿರ ಬಂದರೆ ಒಂದನ್ನೊಂದು ಕುಟುಕಿ ಸುಡ್ತಾವೆ. ಇಟ್ಟ ಮೇಲೆ ಕೈ ಹಾಕ್ಲೇಬೇಡ."

ಎರಡು ಸಲ ಸೋತವನಿಗೆ ಇನ್ನೆಲ್ಲಿಯ ಮಾನ? ಅವನು ಮೂರನ್ನೂ ಅಂಟಿಕೊಂಡಿದ್ದ ಕಲ್ಲಿನ ಸಮೇತ ಎತ್ತಿ ಬಾನಿಯಲ್ಲಿಟ್ಟ. ಊರವರು ಬಿಡಲಿಲ್ಲ. ಬಳೆ ತೊಡಿಸಿ, ತಮಟೆ ಬಡಿದು ಕೇರಿ ಸುತ್ತಿಸಿದರು. ಅವನು ಬಾನಿಯನ್ನು ಎದೆಗೊತ್ತಿಕೊಂಡು, ನೀರು ತುಳುಕದಂತೆ ನಡೆದ.

ಹನ್ನೆರಡನೆಯ ದಿನ ಹಳದಿ ಕೊಡೆ ಮುದುಡಿತು. ಮೈಮೇಲೆ ಮೇಣದಂಥ ಪೊರೆ ಕಟ್ಟಿತು. "ಅಯ್ಯೋ ಸತ್ತಿತು!" ಎಂದು ಜಟ್ಟಪ್ಪ ಕಿತ್ತೆಸೆಯಲು ಬಾನಿಗೆ ಕೈ ಚಾಚಿದ. ಅಜ್ಜಿಯ ಮಾತು ನೆನೆದು ಕೈ ಹಿಂದೆಗೆದ. ಆದರೆ ಆಸೆ ಮಾತ್ರ ಬಿಟ್ಟ. ಒಂಬತ್ತು ದಿನ ಅನ್ನ ಮುಟ್ಟಲಿಲ್ಲ. ಸಾಯುವ ಅಕ್ಕನ ಹತ್ತಿರ ಯಾರಾದರೂ ಇರಬೇಕಲ್ಲ ಎಂದು ಕೂತಿದ್ದ, ಅಷ್ಟೇ. ಮೀನು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಇಪ್ಪತ್ತೊಂದನೆಯ ದಿನ ಕ್ಷಾರಕ ನಗುತ್ತ ಬಂದ. ಅವನು ಬಾನಿಗೆ ಬಗ್ಗಿದಾಗ ಮೇಣದ ಪೊರೆ ಹಾವಿನ ಪೊರೆಯ ಹಾಗೆ ಕಳಚಿ ತೇಲಿತು. ಒಳಗಿಂದ ಹಳದಿ ಕೊಡೆ ಮೊದಲಿಗಿಂತ ಅಗಲವಾಗಿ ಅರಳಿತು. ಹಸಿರು ಹೂಗಳು ತೆರೆದವು, ನೀಲಿ ಅಣಬೆ ಉಬ್ಬಿತು. ಮಾಂತ್ರಿಕ ಕಿರುಚಲು ಬಾಯಿ ತೆರೆದವನು ಉಪ್ಪಾಗಿ ಕರಗಿ ಹರಿದು ಹೋದ. ಅವನು ಕಿತ್ತುಕೊಂಡ ನಗುವೂ ನೆನಪೂ ಅವನ ಜೊತೆಗೇ ಕರಗಿದವು.

ಬಾನಿಯಿಂದ ಮಾಸ್ತಮ್ಮ ಎದ್ದು ನಿಂತಳು. ಊರು ಕುಣಿಯಿತು, ರಾಜ ಹಬ್ಬ ಸಾರಿದ. ಮುತ್ತಿನಕೇರಿಯವರೆಲ್ಲ ಆಮೇಲೆ ನೂರು ವರ್ಷ ಸುಖವಾಗಿಯೇ ಬಾಳಿದರು, ಅದರಲ್ಲಿ ಸುಳ್ಳಿಲ್ಲ.

"ಅಕ್ಕಾ, ನಾನು ಜಟ್ಟಪ್ಪ. ನಿನ್ನ ತಮ್ಮ" ಎಂದ ಅವನು.

ಅವಳು ಹತ್ತಿರ ಬಂದು ಅವನ ಮುಖ ನೋಡಿದಳು.

"ಇರಬಹುದು" ಎಂದಳು. "ಊರವರೂ ಹಾಗೇ ಅಂತಾರೆ. ನನಗೆ ಗೊತ್ತಾಗ್ತಿಲ್ಲ. ಅಳಬೇಡಿ. ತುಂಬಾ ಸೊರಗಿದ್ದೀರಿ, ಒಳಗೆ ಬನ್ನಿ."

ಅವನು ಹೋಗಿ ಎಲೆಯ ಮುಂದೆ ಕೂತ. ದಾರಿಯಲ್ಲಿ ಹೋಗುವ ಯಾರಿಗಾದರೂ ಬಡಿಸುವ ಹಾಗೆ ಅವಳು ಅವನಿಗೆ ಬಡಿಸಿದಳು.