ಟೀಚರಮ್ಮನ ಸೂಪಿನ ಡಬ್ಬಿ

"ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡ್ತಿದಾರೆ ಮೇಡಂ, ಒಬ್ಬರಿಗೂ ಹೊಟ್ಟೆನೋವು ಬಂದಿಲ್ಲ. ಈಗ ಲಾಕಪ್ಪಿನಲ್ಲಿ ಹಾಕಿ ಬಡೀತಿದಾರೆ," ಎಂದು ಅಡುಗೆಯವನ ಹೆಂಡತಿ ವಕೀಲಮ್ಮನ ಕಾಲು ಹಿಡಿಯಲು ಬಗ್ಗಿದಳು.

"ಕಾಲು ಬಿಡಿ. ಕೂತು ಹೇಳಿ," ಎಂದರು ವಕೀಲಮ್ಮ. ಟೈಪಿಸ್ಟ್ ಕುರ್ಚಿ ಎಳೆದಳು. ಹನ್ನೊಂದು ವರ್ಷದಿಂದ ವಕೀಲಮ್ಮನ ಪತ್ತೇದಾರಿಕೆಗೆಲ್ಲ ಟಿಪ್ಪಣಿ ಬರೆಯುತ್ತಿದ್ದರೂ, ಅಳುವವರ ಎದುರು ಅವಳು ಇನ್ನೂ ಪೆನ್ನು ಕೆಳಗಿಟ್ಟುಬಿಡುತ್ತಿದ್ದಳು.

ಸಂಗತಿ ಪತ್ರಿಕೆಯಲ್ಲಿ ಬಂದದ್ದೇ. ನಿವೃತ್ತ ಶಿಕ್ಷಕಿಯೊಬ್ಬರು ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದರು. ಎದುರಿಗೆ ಹೆಸರಾಂತ ಹೋಟೆಲ್ ಕಂಪನಿಯ ಸೂಪಿನ ಡಬ್ಬಿ, ಅರ್ಧ ಖಾಲಿ. ಅದರಲ್ಲಿ ಇಲಿ ಪಾಷಾಣ. ಡಬ್ಬಿಯ ಫೋಟೊ ಪೊಲೀಸರಿಗಿಂತ ಮೊದಲೇ ಊರೆಲ್ಲ ಸುತ್ತಿತ್ತು. ಆ ಸೂಪು ಮಾಡಿದ ಅಡುಗೆಯವನನ್ನು ಪೊಲೀಸರು ಹಿಡಿದೊಯ್ದರು. ಸೋಮವಾರ ಕಂಪನಿಯ ಷೇರು ಕಾಲುಭಾಗ ಕುಸಿಯಿತು.

ವಕೀಲಮ್ಮ, ಟೈಪಿಸ್ಟ್ ಹೋದಾಗ ಟೀಚರಮ್ಮನ ಮನೆಯ ಬಾಗಿಲು ತೆಗೆದವಳು ಅವರ ಜೊತೆಗೇ ವಾಸವಿದ್ದ ಮಗಳು. ಶನಿವಾರ ಅವಳು ಕೆಲಸಕ್ಕೆ ಹೋಗಿದ್ದಳು.

"ಅಮ್ಮನಿಗೆ ಷೇರಿನ ಹುಚ್ಚು. ಅದೂ ಅಂಗಡಿ, ಹೋಟೆಲ್ಲು ಅಷ್ಟೇ. ಕಣ್ಣಿಗೆ ಕಾಣೋ ವ್ಯಾಪಾರಕ್ಕೇ ದುಡ್ಡು ಹಾಕ್ಬೇಕು ಅನ್ನೋರು," ಎಂದು ದಪ್ಪ ನೋಟ್‌ಬುಕ್ ಕೊಟ್ಟಳು.

ಪುಟಕ್ಕೊಂದು ಕಂಪನಿ. ಎಷ್ಟು ಮೇಜು ತುಂಬಿತ್ತು, ತಟ್ಟೆಯಲ್ಲಿ ಏನು ಉಳಿಯಿತು, ಬಟ್ಟೆ ಅಂಗಡಿಯಿಂದ ಎಷ್ಟು ಜನ ಬರಿಗೈಲಿ ಹೊರಬಂದರು, ಎಲ್ಲ ವಾರವಾರವೂ ಬರೆದಿತ್ತು. ಕೆಲವು ಪುಟಗಳಲ್ಲಿ ಕೆಂಪು ಗೆರೆ. ಅದರ ಕೆಳಗೆ ಖಾಲಿ. ಸೂಪಿನ ಹೋಟೆಲ್ಲಿನ ಗೆರೆಗೆ ಮೂರು ವಾರವಾಗಿತ್ತು.

"ಈ ಗೆರೆ?"

"ಷೇರು ಕೊಂಡ ದಿನ. ಬಟ್ಟೆ ಅಂಗಡೀದು ಕೊಂಡ ಮೇಲೆ ಅಲ್ಲಿಂದ ಒಂದು ಕರ್ಚೀಫೂ ತರಲಿಲ್ಲ, ನನಗೂ ಬಿಡಲಿಲ್ಲ. ಮೋಹ ಹತ್ತಿದ್ರೆ ಮಾರೋಕೆ ಮನಸ್ಸು ಬರಲ್ಲ ಅನ್ನೋರು."

"ಆವತ್ತು ಮನೇಲಿ ಬೇರೇನಾದ್ರೂ ಕಂಡಿತಾ?"

"ಎರಡು ಚಹಾ ಕಪ್ಪು ತೊಳೆದು ಬೋರಲು ಹಾಕಿತ್ತು. ಯಾರೋ ಬಂದಿದ್ರು ಅನ್ಸುತ್ತೆ."

ಗುರುವಾರ ಟೀಚರಮ್ಮನ ಅದೇ ಊಟದ ಮೇಜಿನ ಸುತ್ತ ಎಲ್ಲರೂ ಸೇರಿದರು: ಮಗಳು, ಷೇರು ಬ್ರೋಕರ್, ಇನ್ಸ್‌ಪೆಕ್ಟರ್, ಅಡುಗೆಯವನ ಹೆಂಡತಿ, ಮತ್ತು ಮಗ. ಎರಡು ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ ಅವನೇ ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ಶವ ಕಂಡವನು.

"ಪ್ರತಿ ಶನಿವಾರ ಅಮ್ಮನಿಗೆ ಆ ಸೂಪೇ ಆಗ್ಬೇಕು. ವರ್ಷದಿಂದ ಕುಡೀತಿದ್ರು," ಎಂದ ಮಗ. "ಅಡುಗೆಯವನನ್ನ ನೇಣಿಗೆ ಹಾಕಿ, ಕತೆ ಮುಗೀತು."

"ಕುಡೀತಿದ್ರು, ಮೂರು ವಾರದ ಹಿಂದಿನವರೆಗೆ," ಎಂದರು ವಕೀಲಮ್ಮ, ನೋಟ್‌ಬುಕ್ ತೆರೆಯುತ್ತ. "ಗೆರೆ ಎಳೆದ ಮೇಲೆ ಅವರು ಆ ಸೂಪು ಮುಟ್ಟೋರಲ್ಲ. ಅಂದ್ರೆ ಡಬ್ಬಿ ತಂದಿಟ್ಟಿದ್ದು ಬೇರೆಯವರು. ಮಗಳಿಗೆ ಈ ಗೆರೆ ಗೊತ್ತು, ಷೇರು ಕೊಡಿಸಿದ ಬ್ರೋಕರ್‌ಗೂ ಗೊತ್ತು. ಇಬ್ಬರೂ ಈ ಡಬ್ಬಿ ಆರಿಸ್ತಿರಲಿಲ್ಲ. ಗೊತ್ತಿಲ್ಲದವನು, ಕೈಯಲ್ಲಿ ಕೀಲಿ ಇದ್ದವನು ನೀನೊಬ್ಬನೇ. ಅಮ್ಮನ ಜೊತೆ ಕೂತು ಚಹಾ ಕುಡಿದೆ. ವಿಷ ಹಾಕಿದ್ದು ಅವರ ಕಪ್ಪಿಗೆ. ಆಮೇಲೆ ಎರಡೂ ಕಪ್ಪು ತೊಳೆದೆ, ಸೂಪು ಅರ್ಧ ಚೆಲ್ಲಿ ಉಳಿದದ್ದಕ್ಕೆ ವಿಷ ಬೆರೆಸಿದೆ, ಫೋಟೊ ತೆಗೆದು ಹಂಚಿದೆ."

"ಹೆತ್ತ ತಾಯೀನ ನಾನ್ಯಾಕೆ..."

"ನೀವೇ ಹೇಳ್ತೀರೋ?" ಎಂದು ವಕೀಲಮ್ಮ ಬ್ರೋಕರ್ ಕಡೆ ತಿರುಗಿದರು.

ಬ್ರೋಕರ್ ಬೆವರು ಒರೆಸಿಕೊಂಡ. "ಆ ಷೇರು ಬಿದ್ದಷ್ಟೂ ಲಾಭ ಬರೋ ಹಾಗೆ ಶುಕ್ರವಾರ ಇವರು ವ್ಯವಹಾರ ಮಾಡಿದಾರೆ. ನಮ್ಮ ಆಫೀಸಿನಲ್ಲೇ, ಹೆಂಡತಿ ಹೆಸರಲ್ಲಿ." ಆಮೇಲೆ ಮಗನತ್ತ ನೋಡಿ, "ಅಮ್ಮ ಅದೇ ಷೇರು ಕೊಂಡಿದ್ರು ಕಣಪ್ಪಾ. ನಾಮಿನಿ ನೀನೇ. ಅವನ ಹುಟ್ಟುಹಬ್ಬಕ್ಕೆ ನಾನೇ ಹೇಳ್ತೀನಿ, ಬಾಯಿ ಬಿಡಬೇಡ ಅಂದಿದ್ರು," ಎಂದ.

ಅವನ ತುಟಿ ಅದುರಿತು. ಈಗ ಅಳುತ್ತಾನೆ ಎಂದುಕೊಂಡ ಟೈಪಿಸ್ಟ್ ಪೆನ್ನು ಕೆಳಗಿಟ್ಟಳು.

"ಎಷ್ಟು ಷೇರು?" ಎಂದು ಕೇಳಿದ.

ಟೈಪಿಸ್ಟ್ ಪೆನ್ನು ಎತ್ತಿಕೊಂಡು ಆ ಎರಡು ಪದಗಳನ್ನೂ ಬರೆದುಕೊಂಡಳು.

ಅಡುಗೆಯವನನ್ನು ಮರುದಿನ ಬಿಟ್ಟರು. "ವಿಚಾರಣೆ ಸ್ವಲ್ಪ ಜೋರಾಯ್ತು," ಎಂದು ಇನ್ಸ್‌ಪೆಕ್ಟರ್ ಟೋಪಿ ಸರಿಮಾಡಿಕೊಂಡ. ನಾಲ್ಕೇ ದಿನದಲ್ಲಿ ಷೇರು ಮೊದಲಿನ ಬೆಲೆ ದಾಟಿತು.

ಮುಂದಿನ ವಾರ ಅಡುಗೆಯವನ ಹೆಂಡತಿ ಕಂಪನಿಯ ಲಕೋಟೆ ಹಿಡಿದು ನಗುನಗುತ್ತ ಟೈಪಿಸ್ಟ್ ಬಳಿ ಬಂದಳು. "ಕೆಲಸಕ್ಕೆ ಕರೆದಿರಬೇಕು. ಸ್ವಲ್ಪ ಓದಮ್ಮಾ."

ಬಲಗೈಯ ಮೂರು ಬೆರಳು ಮಡಚದ ಕಾರಣ ನಿಮ್ಮ ಸೇವೆ ಇನ್ನು ಬೇಕಿಲ್ಲ ಎಂದಿತ್ತು. ಟೈಪಿಸ್ಟ್ ಮೆತ್ತಗಿನ ಮಾತೊಂದಕ್ಕಾಗಿ ಆ ಹಾಳೆಯನ್ನು ಎರಡು ಸಲ ಹುಡುಕಿದಳು. ಆಮೇಲೆ ಇದ್ದದ್ದನ್ನು ಇದ್ದಂತೆಯೇ ಓದಿದಳು.