ಉಮ್ಮ್ ಸಲಾಲ್‌ನ ಪೆಟ್ರೋಲ್ ಪಂಪಿನವನು

ತೊಂಬತ್ತನಾಲ್ಕರಲ್ಲಿ ಖತಾರಿನಲ್ಲಿ ಪೆಟ್ರೋಲು ಕುಡಿಯುವ ನೀರಿಗಿಂತ ಅಗ್ಗ. ಕಾರಿನಿಂದ ಇಳಿಯಬೇಕಿರಲಿಲ್ಲ; ಪಂಪಿನವರೇ ತುಂಬಿಸಿ, ಗಾಜನ್ನೂ ಒರೆಸಿಕೊಡುತ್ತಿದ್ದರು.

ಒಂದು ಮಧ್ಯಾಹ್ನ, ಉಬ್ಬಸದಿಂದ ಒದ್ದಾಡುತ್ತಿದ್ದ ಮಗಳು ಲವೀನಾಳನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದೆವು. ಉಮ್ಮ್ ಸಲಾಲ್ ಬಳಿ ಪೆಟ್ರೋಲು ಮುಗಿಯುತ್ತ ಬಂತು. ಗಂಡ ವಿಲ್ಫ್ರೆಡ್ ಪಂಪಿನಲ್ಲಿ ನಿಲ್ಲಿಸಿ, ಧೂಳಿಗೆ ಹೆದರಿ ತಮ್ಮ ಕಡೆಯ ಗಾಜನ್ನಷ್ಟೇ ಇಳಿಸಿದರು.

ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದ ಪಂಪಿನವನು, ನಾವು ಮಾತಾಡುವ ಮೊದಲೇ ಕನ್ನಡದಲ್ಲಿ, ಊರಿನಲ್ಲಿ ನಮ್ಮ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆಯೇ, "ಇಳಿಯುವುದು ಬೇಡ ಬಾಯಮ್ಮ, ಮಗುವನ್ನು ಅಲುಗಾಡಿಸ್ಬೇಡಿ" ಎಂದ. ಪೆಟ್ರೋಲು ತುಂಬಿಸಿ, ನನ್ನ ಪಕ್ಕದ ಗಾಜನ್ನು ಹೊರಗಿನಿಂದ ಒದ್ದೆ ಅಂಗೈಯಲ್ಲಿ ಒರೆಸಿದ. ಆ ಬಿಸಿಲಲ್ಲೂ ಗಾಜು ತಣ್ಣಗಾಯಿತು. ಲವೀನಾ ಸಲೀಸಾಗಿ ಉಸಿರೆಳೆದು ನಿದ್ದೆಹೋದಳು.

"ನಾವು ಊರಿನವರೂಂತ ಅವನಿಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?" ಎಂದು ವಿಲ್ಫ್ರೆಡ್ ದಾರಿಯುದ್ದಕ್ಕೂ ಕೇಳುತ್ತಿದ್ದರು.

ಆಸ್ಪತ್ರೆಯಲ್ಲಿ ನರ್ಸ್ ಫ್ರಾಕಿನ ಗುಂಡಿ ಬಿಚ್ಚಿದಳು. ಮಗುವಿನ ಎದೆಯ ಮೇಲೆ, ಪೆಟ್ರೋಲಿನ ವಾಸನೆಯ, ದೊಡ್ಡ ಅಂಗೈಯೊಂದರ ಒದ್ದೆ ಗುರುತಿತ್ತು.